ಮ್ಯೂಸಿಯಮ್ಮಿನಲ್ಲಿ ನಮ್ಮ ಜಗಲಿ

ಹೆಣ್ಣು ತೋರಿಸುವುದಕ್ಕೆ ಮಗಳನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದ ತಾಯಿ ಚಳ್ಳಕೆರೆಯಲ್ಲಿ ನಾನೊಬ್ಬಳೇ ಇರಬೇಕು. ಆ ಮಾತು ತೆಗೆದರೆ ನನ್ನ ಗಂಡನಿಗೆ ಈಗಲೂ ನಗು ಬರುತ್ತದೆ. ನನಗೆ ಬರುವುದಿಲ್ಲ. ಆ ದಿನ ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತವೆ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದರೂ ಯಾರೋ ನೋಡುತ್ತಿದ್ದಾರೆ ಅನ್ನಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತೇನೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಗಂಡಿನವರು ಮನೆಗೆ ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, ಚಾಪೆಯ ಮೇಲೆ ಕೂತ ಹುಡುಗಿಯನ್ನು ನೋಡುವ ಶಾಸ್ತ್ರ ಆಮೇಲಿನದು. ಅದಕ್ಕೂ ಮುಂಚೆ ಎರಡೂ ಮನೆಯವರು ಯಾವುದಾದರೂ ದೇವಸ್ಥಾನದಲ್ಲಿ ಅಕಸ್ಮಾತ್ತಾಗಿ ಎದುರಾಗಬೇಕು. ಈ ಅಕಸ್ಮಾತ್ತು ವಾರಕ್ಕೆ ಮೊದಲೇ ಫೋನಿನಲ್ಲಿ ನಿಗದಿಯಾಗಿರುತ್ತದೆ. ಆದರೂ ಎದುರಾದಾಗ ಎರಡೂ ಕಡೆಯವರು “ಅಯ್ಯೋ, ನೀವೂ ಬಂದೀರಾ!” ಎಂದು ಆಶ್ಚರ್ಯಪಡಬೇಕು. ಹುಡುಗ ಹುಡುಗಿ ಕಂಬದ ಮರೆಯಲ್ಲೋ ಪ್ರಸಾದದ ಸಾಲಿನಲ್ಲೋ ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು. ಹಿಡಿಸಿದರೆ ಮಾತು ಮುಂದುವರಿಯುತ್ತದೆ. ಹಿಡಿಸದಿದ್ದರೆ ಯಾರೂ ಯಾರನ್ನೂ ನೋಡಲು ಬಂದೇ ಇರಲಿಲ್ಲ, ಸ್ವಾಮಿಯ ದರ್ಶನಕ್ಕೆ ಬಂದಿದ್ದರು, ಅಷ್ಟೇ. ನಾಯಕನಹಟ್ಟಿಯ ದೇವಸ್ಥಾನದಲ್ಲಿ ಇಂಥ ಅಕಸ್ಮಾತ್ತುಗಳು ಎಷ್ಟು ನಡೆದಿವೆಯೋ ಆ ಸ್ವಾಮಿಗೇ ಗೊತ್ತು. ಯಾರ ಮಾನವೂ ಹೋಗದಿರಲಿ ಎಂದು ಹಿರಿಯರು ಮಾಡಿಟ್ಟ ಪದ್ಧತಿ ಅದು. ಅದನ್ನು ಬದಲಾಯಿಸಲು ಹೋಗಿ ಮಾನ ಕಳೆದುಕೊಂಡವಳು ನಾನು.

ಹುಡುಗ ಮೊಳಕಾಲ್ಮೂರಿನವನು. ಮನೆಯಲ್ಲಿ ರೇಷ್ಮೆ ಸೀರೆ ನೇಯುವ ಮಗ್ಗಗಳಿವೆ. ತಂದೆ ಇಲ್ಲ, ತಾಯಿಯೇ ಮಗ್ಗದ ಮನೆಯನ್ನು ನೋಡಿಕೊಳ್ಳುತ್ತಾರೆ. ಹುಡುಗ ಚಿತ್ರದುರ್ಗದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾನೆ. ನನ್ನ ಮಗಳು ಚಳ್ಳಕೆರೆಯಲ್ಲೇ ರಕ್ತಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಜಾತಕ ಕೂಡಿತ್ತು, ಫೋಟೋ ಹಿಡಿಸಿತ್ತು. ಈ ಸಂಬಂಧ ಆಗಲೇಬೇಕೆಂದು ನಾನು ಹಟ ಹಿಡಿದಿದ್ದೆ. ಯಾಕೆಂದರೆ ಅದಕ್ಕೆ ಮೊದಲು ಬಂದವರೆಲ್ಲ ಮಗಳನ್ನು ಮೆಚ್ಚಿಕೊಂಡು ಹೋಗಿ, ಆಮೇಲೆ ನಮ್ಮ ಓಣಿಯಲ್ಲಿ ಯಾರನ್ನೋ ವಿಚಾರಿಸಿ ತಣ್ಣಗಾಗಿಬಿಟ್ಟಿದ್ದರು. “ಹುಡುಗಿ ಚೆನ್ನಾಗವಳೆ, ತಾಯಿ ಬಾಯಿ ಜಾಸ್ತಿಯಂತೆ” ಎಂದು ಒಮ್ಮೆ ಮಧ್ಯಸ್ತಿಕೆಯವನು ಬಂದು ಹೇಳಿದ. ನಾನು ಅವನ ಮೇಲೇ ರೇಗಿದೆ. ಬಾಯಿ ಜಾಸ್ತಿ ಎಂದವರು ಯಾರೆಂದು ಹೇಳುವವರೆಗೆ ಗೇಟಿನಿಂದಾಚೆ ಬಿಡುವುದಿಲ್ಲ ಎಂದು ಕೂಗಾಡಿದೆ. ಪಾಪ, ಅವನು ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದ.

ನನ್ನ ದನಿಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ನಾನು ಪ್ರಾಥಮಿಕ ಶಾಲೆಯ ಟೀಚರು. ಒಂದೇ ಕೋಣೆಯಲ್ಲಿ ಎರಡು ತರಗತಿ, ಕಿಟಕಿಯಾಚೆ ಎಣ್ಣೆ ಮಿಲ್ಲಿನ ಸದ್ದು, ಅದರಾಚೆ ಲಾರಿಗಳ ಹಾರನ್ನು. ಇದರ ನಡುವೆ ಮಗ್ಗಿ ಹೇಳಿಕೊಡಬೇಕೆಂದರೆ ದನಿ ತಾನಾಗಿಯೇ ಬೆಳೆಯುತ್ತದೆ. ಶಾಲೆ ಬಿಟ್ಟ ಮೇಲೆ ಅದನ್ನು ಇಳಿಸುವುದು ಹೇಗೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಹಾಲಿನವನಿಗೆ, ನಲ್ಲಿಗೆ ನೀರು ಬಿಡುವವನಿಗೆ, ಗಂಡನಿಗೆ, ಎಲ್ಲರಿಗೂ ಅದೇ ದನಿ. ನಾನು ತಪ್ಪು ಕಂಡರೆ ಮುಖದ ಮೇಲೆ ಹೇಳುವವಳು, ಹೊಟ್ಟೆಯಲ್ಲಿಟ್ಟುಕೊಂಡು ಕೊರಗುವವಳಲ್ಲ ಎಂದು ಅದನ್ನೇ ದೊಡ್ಡ ಗುಣವೆಂಬಂತೆ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮ ಮನೆ ಇರುವುದು ಕಂಬಳಿ ಸಂತೆಗೆ ಹೋಗುವ ದಾರಿಯಲ್ಲಿ. ಬೀದಿಗೆ ಮುಖ ಮಾಡಿದ ಕಲ್ಲಿನ ಜಗಲಿ, ಹಸಿರು ಬಣ್ಣದ ಬಾಗಿಲು, ಪಕ್ಕದಲ್ಲೊಂದು ಬೇವಿನ ಮರ. ಎದುರಿಗೆ ಟೀ ಅಂಗಡಿ. ಹೋದ ವರ್ಷದ ಬೇಸಿಗೆಯಲ್ಲಿ ನರೆತ ಗಡ್ಡದ ಚಿತ್ರಕಾರರೊಬ್ಬರು ಸಂತೆಯ ದಿನಗಳಲ್ಲಿ ಬಂದು, ಆ ಅಂಗಡಿಯ ಬೆಂಚಿನ ಮೇಲೆ ಕೂತು ಬೀದಿಯ ಚಿತ್ರ ಬರೆದುಕೊಳ್ಳುತ್ತಿದ್ದರು. ನಾನು ಹೋಗಿ ಮಾತಾಡಿಸಿದೆ. ಮಂಡಕ್ಕಿ ಒಗ್ಗರಣೆ ಮಾಡಿ ಕಳಿಸಿದೆ. ಅವರು ಪುಸ್ತಕ ಬಿಚ್ಚಿ ಒಂದು ಹಾಳೆ ತೋರಿಸಿದರು. ನಮ್ಮ ಬಾಗಿಲು, ಜಗಲಿ, ಬೇವಿನ ನೆರಳು, ಎಲ್ಲ ಎಷ್ಟು ಮುದ್ದಾಗಿ ಬಂದಿತ್ತೆಂದರೆ ಅದು ನಮ್ಮ ಮನೆಯೇ ಎಂದು ನಂಬುವುದು ಕಷ್ಟವಾಗಿತ್ತು. “ನಮ್ಮನೇನ ಚೆನ್ನಾಗಿ ಬರೀರಿ ಮತ್ತೆ” ಎಂದು ಹೇಳಿ ಬಂದೆ. ಅವರು ನಕ್ಕರು.

ಈ ವರ್ಷ ಅವರೇ ಫೋನು ಮಾಡಿದರು. ದುರ್ಗದ ಮ್ಯೂಸಿಯಮ್ಮಿನಲ್ಲಿ ಊರೂರಿನ ಬೀದಿಗಳ ಚಿತ್ರಗಳದೊಂದು ಪ್ರದರ್ಶನ ನಡೆಯುತ್ತಿದೆ, ನಿಮ್ಮ ಮನೆಯ ಮುಂದಿನ ಚಿತ್ರವೂ ಅದರಲ್ಲಿದೆ, ಬಿಡುವಾದರೆ ಬನ್ನಿ ಎಂದರು. ಯಾವ ಚಿತ್ರ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ನನಗೆ ಕಂಡದ್ದು ಆ ಹಸಿರು ಬಾಗಿಲು, ಆ ಬೇವಿನ ನೆರಳು. ಮರುಕ್ಷಣವೇ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಎಲ್ಲರೂ ಹೆಣ್ಣು ತೋರಿಸುವುದು ದೇವಸ್ಥಾನದಲ್ಲಿ. ನಾವು ಮ್ಯೂಸಿಯಮ್ಮಿನಲ್ಲಿ ತೋರಿಸೋಣ. ಹುಡುಗ ದುರ್ಗದಲ್ಲೇ ಇದ್ದಾನೆ, ತಾಯಿ ಮೊಳಕಾಲ್ಮೂರಿನಿಂದ ಬಸ್ಸಿಗೆ ಬಂದರಾಯಿತು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ನಮ್ಮ ಮನೆಯೇ ನೇತಾಡುತ್ತಿರುತ್ತದೆ, ಅದರ ಕೆಳಗೆ ನನ್ನ ಮಗಳು ನಿಂತಿರುತ್ತಾಳೆ. ಇಂಥ ಮನೆತನ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರುವುದಿಲ್ಲ.

ಮಗಳು “ದೇವಸ್ಥಾನಕ್ಕೇ ಹೋಗಣ ಅವ್ವ” ಎಂದಳು. ಗಂಡ “ಮ್ಯೂಸಿಯಮ್ಮಾಗೆ ಅಕಸ್ಮಾತ್ ಸಿಕ್ರೆ ಯಾರು ನಂಬ್ತಾರೆ?” ಎಂದರು. ಇಬ್ಬರ ಮಾತನ್ನೂ ನನ್ನ ದನಿಯಲ್ಲಿ ಮುಳುಗಿಸಿದೆ.

ಮ್ಯೂಸಿಯಮ್ಮಿನ ಕೆಳಗಿನ ಕೋಣೆಗಳಲ್ಲಿ ವೀರಗಲ್ಲು, ಮುರಿದ ವಿಗ್ರಹಗಳು, ಫಿರಂಗಿಯ ಕಲ್ಲುಗುಂಡುಗಳು. ಪ್ರದರ್ಶನ ಇದ್ದದ್ದು ಮೇಲಿನ ಹಾಲಿನಲ್ಲಿ. ನಾವು ಮೆಟ್ಟಿಲು ಹತ್ತುವಾಗ ಅವರು ಆಗಲೇ ಮೇಲೆ ನಿಂತಿದ್ದರು. ಹುಡುಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ತಾಯಿ ಸಣ್ಣ ದೇಹದವರು, ತಮ್ಮದೇ ಮಗ್ಗದ ಸೀರೆ ಉಟ್ಟಿದ್ದರು, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬರಿಗಾಲಲ್ಲಿ ನಿಂತಿದ್ದರು. ನಾನು ಆಶ್ಚರ್ಯಪಡಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಮುಂದೆ ಹೋಗಿ, “ಬಂದ್ರಾ? ಬಸ್ಸು ಬೇಗನೇ ಸಿಕ್ತೇನ್ರಿ?” ಎಂದು ಕೇಳಿಬಿಟ್ಟರು. ಅಕಸ್ಮಾತ್ತು ಅಲ್ಲಿಗೇ ಮುಗಿಯಿತು. ಎಲ್ಲರೂ ನಕ್ಕರು. ಹುಡುಗನ ತಾಯಿ ಸೆರಗಿನೊಳಗೆ ನಕ್ಕರು. ಪರವಾಗಿಲ್ಲ, ಒಳ್ಳೆಯ ಜನ ಎಂದು ನನಗೆ ಧೈರ್ಯ ಬಂತು.

ಹಾಲಿನೊಳಗೆ ಒಂದು ಸುತ್ತು ನೋಡುತ್ತ ಹೊರಟೆವು. ಗೋಡೆಯ ತುಂಬ ಬೀದಿಗಳು. ನಸುಕಿನ ಹೂವಿನ ಮಾರ್ಕೆಟ್ಟು, ಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದು ಆಟೋ ತಳ್ಳುವವನು, ಮರದ ಕೆಳಗೆ ಕನ್ನಡಿ ನೇತುಹಾಕಿಕೊಂಡ ಕ್ಷೌರದವನು, ಫುಟ್‌ಪಾತಿನ ಮೇಲೆ ಹರಿದ ಬ್ಯಾಗು ಹೊಲಿಯುವ ಮುದುಕ. ನಾನು ತರಗತಿಯಲ್ಲಿ ನಕ್ಷೆ ತೋರಿಸುವ ಹಾಗೆ ಬೆರಳು ಮಾಡಿ ಒಂದೊಂದನ್ನೂ ವಿವರಿಸುತ್ತಿದ್ದೆ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಕಾವಲಿನ ಹೆಂಗಸು ಎದ್ದು ಬಂದು, “ಸ್ವಲ್ಪ ಮೆಲ್ಲಗೆ ಮಾತಾಡ್ರಿ ಮೇಡಂ” ಎಂದಳು. ನಾನು “ಆಯ್ತಮ್ಮ” ಎಂದದ್ದೂ ಜೋರಾಗಿಯೇ ಇತ್ತು. ಮಗಳು ನನ್ನ ಹಿಂದೆ, ಹುಡುಗ ಅವಳಿಂದ ಸ್ವಲ್ಪ ದೂರದಲ್ಲಿ, ಚಿತ್ರಗಳನ್ನು ನೋಡುವವರಂತೆ ನಡೆಯುತ್ತಿದ್ದರು.

ಮೂರನೆಯ ಗೋಡೆಯಲ್ಲಿ ನನ್ನ ಹಸಿರು ಬಾಗಿಲು ದೂರದಿಂದಲೇ ಕಂಡಿತು. ಎದೆ ಉಬ್ಬಿತು. “ಬರ್ರಿ ಬರ್ರಿ, ಇಲ್ಲಿ ನೋಡ್ರಿ, ಇದೇ ನಮ್ಮ...” ಎನ್ನುತ್ತ ಹೆಚ್ಚುಕಡಿಮೆ ಓಡಿದೆ. ಹತ್ತಿರ ಹೋದ ಮೇಲೆ ಮಾತನ್ನು ಅರ್ಧಕ್ಕೇ ಬಿಟ್ಟೆ.

ಬಾಗಿಲಿತ್ತು. ಬೇವಿನ ಮರವಿತ್ತು. ಜಗಲಿಯ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು, ಕೂದಲು ಕೆದರಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಮುಖದಲ್ಲಿ ಬಾಯಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಒಂದು ಕೈ ಮೇಲೆದ್ದು ಬೆರಳು ಚಾಚಿತ್ತು. ಅವಳು ಎಸೆದ ಕಂಬಳಿಯೊಂದು ಗಾಳಿಯಲ್ಲಿ ಬಿಚ್ಚಿಕೊಂಡು ಬೀದಿಯ ಧೂಳಿನ ಕಡೆಗೆ ಬೀಳುತ್ತಿತ್ತು. ಕೆಳಗೆ ಇನ್ನೊಬ್ಬ ಹೆಂಗಸು ಮಣ್ಣಿನಲ್ಲಿ ಕೂತು ಕಂಬಳಿಗಳನ್ನು ಎದೆಗೆ ಅವಚಿಕೊಳ್ಳುತ್ತಿದ್ದಳು. ಸುತ್ತ ಸಂತೆಯ ಜನ. ಕೆಳಗಿನ ಚೀಟಿಯಲ್ಲಿ ‘ಸಂತೆಯ ದಿನ, ಚಳ್ಳಕೆರೆ’ ಎಂದು ಬರೆದಿತ್ತು.

ಆ ಕಂಬಳಿಯವಳು ಪರಶುರಾಂಪುರದ ಕಡೆಯವಳು. ಸಂತೆಯ ದಿನ ಮೊದಲ ಬಸ್ಸಿಗೆ ಬಂದು ನಮ್ಮ ಜಗಲಿಯ ಒಂದು ತುದಿಯಲ್ಲಿ ಕಂಬಳಿ ಹರಡಿಕೊಂಡು ಕೂರುತ್ತಿದ್ದಳು. ನಮ್ಮ ಅತ್ತೆ ಇದ್ದ ಕಾಲದಿಂದಲೂ ಅದು ಅವಳ ಜಾಗ. ಹೋದ ಬೇಸಿಗೆಯ ಒಂದು ಸಂತೆಯ ದಿನ ನಾನು ಜಗಲಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದೆ. ಅವಳು ಕೂರಲು ಜಾಗ ಸಾಲದೆ ಸೀರೆಯನ್ನು ಒಂದಿಷ್ಟು ಸರಿಸಿದಳು. ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ ಆಡುಗಳಲ್ಲಿ ಒಂದು ಬಂದು ಬಾಯಿ ಹಾಕಿತು. ಇಷ್ಟೇ ನಡೆದದ್ದು. ನಾನು ಹೊರಗೆ ಬಂದು ನೋಡಿದವಳೇ, “ಯಾರ್ನ ಕೇಳಿ ಮುಟ್ದೆ? ಕೂರಾಕೆ ಜಾಗ ಕೊಟ್ರೆ ಮನೇನೇ ನಿಂದು ಅಂದ್ಕಂಡ್ಯಾ? ಎದ್ದೇಳು! ನಿನ್ನ ಕುರಿ ವಾಸ್ನೆ ಕಂಬ್ಳಿ ಎತ್ಕಂಡು ಎದ್ದೇಳು!” ಎಂದು ಶುರು ಮಾಡಿದೆ. ಅವಳು “ತಪ್ಪಾತು ಟೀಚರಮ್ಮ, ಒಂಚೂರು ಸರ್ಸಿದ್ದೆ ಅಷ್ಟೇಯ” ಎಂದಳು. ತಪ್ಪಾಯಿತು ಎಂದವರ ಮೇಲೆ ನನಗೆ ಕೋಪ ಇಳಿಯಬೇಕಿತ್ತು, ಏರಿತು. ಮಡಚಿಟ್ಟಿದ್ದ ಕಂಬಳಿಗಳನ್ನು ಒಂದೊಂದಾಗಿ ಎತ್ತಿ ಬೀದಿಗೆ ಎಸೆದೆ. ಆ ವಾರದಿಂದ ಅವಳು ನಮ್ಮ ಜಗಲಿಗೆ ಬರಲಿಲ್ಲ. ಈಗ ಬೀದಿಯ ಆ ತುದಿಯಲ್ಲಿ, ಬಿಸಿಲಿನ ಗೋಡೆಯ ಪಕ್ಕ ಕೂರುತ್ತಾಳೆ. ನಾನು ಶಾಲೆಗೆ ಹೋಗುವಾಗ ಅವಳು ಕಂಡರೆ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದೆ. ಮನೆಗೆ ಬಂದ ಮೇಲೆ ಅದನ್ನು ಯೋಚಿಸಿದ್ದೇ ಇಲ್ಲ. ಹೋಗಲಿ, ಟೀ ಅಂಗಡಿಯ ಬೆಂಚಿನ ಮೇಲೆ ಅವತ್ತು ಯಾರು ಕೂತಿದ್ದರೆಂದೂ ನೋಡಿರಲಿಲ್ಲ.

ಇದೆಲ್ಲ ನೆನಪಾಗುವುದಕ್ಕೆ ಬೇಕಾದ ಹೊತ್ತು ಬಹಳ ಕಡಿಮೆ. ಹಿಂದೆ ಹೆಜ್ಜೆ ಸಪ್ಪಳ ಕೇಳಿತು, ಅವರು ಹತ್ತಿರ ಬರುತ್ತಿದ್ದರು. ನಾನು ಮಾಡಿದ ಮೊದಲ ಕೆಲಸವೆಂದರೆ ಕನ್ನಡಕ ತೆಗೆದು ಬ್ಯಾಗಿನೊಳಗೆ ಹಾಕಿಕೊಂಡದ್ದು. ಹೀಗೆ ಮಾಡೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನಾಗಿ ಮಾಡಿತು. ಆಮೇಲೆ ಸೆರಗನ್ನು ಭುಜದ ತುಂಬ ಹೊದ್ದುಕೊಂಡೆ.

“ಇದೇ ನಿಮ್ಮ ಏನ್ರಿ?” ಎಂದು ಹುಡುಗನ ತಾಯಿ ಕೇಳಿದರು. ನಾನು ಅರ್ಧಕ್ಕೆ ಬಿಟ್ಟ ಮಾತು ಅವರಿಗೆ ಕೇಳಿಸಿತ್ತು.

“ನಮ್ಮ ಊರು,” ಎಂದೆ. “ಚಳ್ಳಕೆರೆ. ಸಂತೆ.”

ಹುಡುಗ ಮುಂದೆ ಬಂದು ಚಿತ್ರ ನೋಡಿ ನಕ್ಕ. “ಈಯಮ್ಮಂಗೆ ಮೈಕೇ ಬ್ಯಾಡ ನೋಡ್ರಿ. ನಿಂತಲ್ಲಿಂದ್ಲೇ ಇಡೀ ಸಂತೆಗೆ ಕೇಳುಸ್ತಾಳೆ” ಎಂದ. ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಹುಡುಗಿಯ ಮುಂದೆ ಏನಾದರೂ ಮಾತಾಡಬೇಕಲ್ಲ ಎಂದು ಮಾತಾಡಿದ್ದ. ನಾನೂ ನಕ್ಕೆ. ಹೌದು, ನಕ್ಕೆ. “ಇಂಥೋರು ಎಲ್ಲಾ ಊರಾಗೂ ಇರ್ತಾರಪ್ಪ” ಎಂದು ಬೇರೆ ಸೇರಿಸಿದೆ. ನನ್ನ ಗಂಡ ಕೆಮ್ಮಿದರು. ಕೆಮ್ಮುತ್ತಲೇ ಪಕ್ಕದ ಚಿತ್ರದ ಮುಂದೆ ಹೋಗಿ, ಅದರಲ್ಲಿದ್ದ ಆಟೋವನ್ನು ಕೊಳ್ಳುವವರಂತೆ ನೋಡುತ್ತ ನಿಂತರು.

ಅಷ್ಟರಲ್ಲಿ ಮಗಳು ಬಂದು ನನ್ನ ಮೊಣಕೈ ಹಿಡಿದಳು. “ಅವ್ವ, ಅಲ್ಲಿ ಹೂವಿನ ಮಾರ್ಕೆಟ್ಟಿನ್ದು ಇನ್ನೊಂದು ಚಿತ್ರ ಐತೆ, ಭಾಳ ಚೆನ್ನಾಗೈತೆ, ಬಾ” ಎಂದು ಎಳೆದಳು. ಹುಡುಗನ ತಾಯಿಯ ಕಡೆ ತಿರುಗಿ, “ನೀವೂ ಬರ್ರಿ” ಎಂದಳು. ಅವಳು ಚಿತ್ರವನ್ನು ನೋಡಿದ್ದಾಳೆ, ಅರ್ಥ ಮಾಡಿಕೊಂಡಿದ್ದಾಳೆ, ನನ್ನನ್ನು ಅಲ್ಲಿಂದ ದಾಟಿಸುತ್ತಿದ್ದಾಳೆ ಎಂದು ಗೊತ್ತಾಯಿತು. ದಾಟಿಬಿಟ್ಟರೆ ಸಾಕು ಎಂದು ನಾನೂ ಹೆಜ್ಜೆ ಎತ್ತಿದೆ.

ಆದರೆ ಹುಡುಗನ ತಾಯಿ ಕದಲಲಿಲ್ಲ. ಮಗನನ್ನು ತಮ್ಮ ಮನೆಮಾತು ತೆಲುಗಿನಲ್ಲಿ “ಇಟು ರಾ, ಚೂಡು” ಎಂದು ಹತ್ತಿರ ಕರೆದು, ಚಿತ್ರದ ಒಂದು ಕಡೆಗೆ ಬೆರಳು ತೋರಿಸಿದರು. ಆಮೇಲೆ ನನಗೆ ಹೇಳಿದರು. “ಪಾಪ, ಬಾಗ್ಲಾಗೆ ನಿಂತಿರೋ ಆ ಹುಡುಗೀನ ನೋಡ್ರಿ ಟೀಚರೇ.”

ಬಾಗಿಲಲ್ಲಿ ಹುಡುಗಿ ಇದ್ದದ್ದೇ ನನಗೆ ಕಂಡಿರಲಿಲ್ಲ. ಮೊದಲು ನೋಡಿದಾಗ ನನ್ನನ್ನು ಬಿಟ್ಟು ಬೇರೆ ಯಾರನ್ನೂ ನೋಡಿರಲಿಲ್ಲ. ಈಗ ನೋಡೋಣವೆಂದರೆ ಕನ್ನಡಕವಿಲ್ಲದೆ ಬಾಗಿಲು ಬರೀ ಹಸಿರು ಕಲೆ, ಅದರೊಳಗೆ ಹಳದಿಯ ಒಂದು ಗೆರೆ. ಹಳದಿ ಚೂಡಿದಾರ ನನ್ನ ಮಗಳದು. ಕನ್ನಡಕ ಹಾಕಿಕೊಂಡರೆ ಚಿತ್ರದ ಹೆಂಗಸು ಯಾರೆಂದು ತಿಳಿಯಲು ಕುರುಡರಿಗೂ ಕಷ್ಟವಾಗುತ್ತಿರಲಿಲ್ಲ. ಹಾಕಿಕೊಳ್ಳದಿದ್ದರೆ ಬಾಗಿಲಲ್ಲಿದ್ದ ಮಗಳ ಮುಖ ಕಾಣುತ್ತಿರಲಿಲ್ಲ. ನಾನು ಬ್ಯಾಗಿನೊಳಗೆ ಕೈ ಹಾಕಿ ಕನ್ನಡಕ ಹಿಡಿದುಕೊಂಡೆ. ಮಗಳು ನನ್ನ ಮೊಣಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು, ಬೇಡ ಎನ್ನುವ ಹಾಗೆ.

ಹಾಕಿಕೊಂಡೆ.

ಚಿತ್ರದಲ್ಲಿ ನನ್ನ ಮಗಳು ಅರ್ಧ ತೆರೆದ ಬಾಗಿಲಲ್ಲಿ, ನನ್ನ ಬೆನ್ನ ಹಿಂದೆ ನಿಂತಿದ್ದಳು. ಕೈಯಲ್ಲಿ ನೀರಿನ ಚೊಂಬಿತ್ತು. ಕಂಬಳಿಯವಳು ಬಂದ ಕೂಡಲೇ ಅವಳಿಗೆ ಕುಡಿಯಲು ನೀರು ಕೊಡುತ್ತಿದ್ದವಳು ಮಗಳೇ. ಅದನ್ನು ಕೊಡಲು ಬಂದು ಹೊಸ್ತಿಲಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಕಂಬಳಿಯವಳನ್ನೂ ನೋಡುತ್ತಿರಲಿಲ್ಲ. ಬೀದಿಯ ಜನರನ್ನು ನೋಡುತ್ತಿದ್ದಳು. ನೋಡಿ ನಗುತ್ತಿದ್ದಳು. ಅದು ಸಂತೋಷದ ನಗು ಅಲ್ಲ. ನಮ್ಮವ್ವ ಹಿಂಗೇನೇ, ತಪ್ಪು ತಿಳ್ಕೋಬ್ಯಾಡ್ರಿ, ಈಗ ಮುಗೀತದೆ ಎಂದು ಬೀದಿಗೆಲ್ಲ ಹೇಳುವ ನಗು.

ತಿರುಗಿ ಪಕ್ಕದಲ್ಲಿದ್ದ ಮಗಳನ್ನು ನೋಡಿದೆ. ಹುಡುಗನ ತಾಯಿಯ ಕಡೆ ಮುಖ ಮಾಡಿ ನಿಂತಿದ್ದಳು. ಅದೇ ನಗು ನಗುತ್ತಿದ್ದಳು.

ನನ್ನ ಮಗಳದು ನಗುಮುಖ ಎಂದು ನಾನು ಎಷ್ಟು ಮಂದಿಗೆ ಹೇಳಿಕೊಂಡಿದ್ದೇನೆ! ಏನಾದರೂ ಆಗಲಿ, ಎಂಥವರು ಬರಲಿ, ಅವಳ ಮುಖದ ಮೇಲಿನ ನಗು ಮಾಸುವುದಿಲ್ಲ, ಅದು ಹುಟ್ಟಿನಿಂದ ಬಂದದ್ದು ಎಂದು. ಗಂಡಿನವರಿಗೆ ಫೋಟೋ ಕಳಿಸುವಾಗಲೂ ಆ ನಗು ಇರುವುದನ್ನೇ ಆರಿಸಿ ಕಳಿಸಿದ್ದೆ. ಅದನ್ನು ಕಲಿಸಿದವಳು ನಾನು. ಹಾಲಿನವನ ಮೇಲೆ ಕೂಗುವಾಗ, ನೀರಿನವನ ಮೇಲೆ ಕೂಗುವಾಗ, ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುವಾಗ, ನಾನು ಎದುರಿಗಿದ್ದವರನ್ನೇ ನೋಡುತ್ತಿದ್ದೆ. ಬೆನ್ನ ಹಿಂದೆ ಇವಳು ನಿಂತು ಎಲ್ಲರ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳುತ್ತಿದ್ದಳು. ಹುಡುಗಿ ಚಿಕ್ಕವಳಿದ್ದಾಗಿನಿಂದಲೂ ಇದೇ ಅವಳ ಕೆಲಸವಾಗಿತ್ತೋ ಏನೋ. ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಅದನ್ನು ಯಾರೋ ಗಡ್ಡದವರು ಎದುರಿನ ಬೆಂಚಿನ ಮೇಲೆ ಕೂತು ನೋಡಬೇಕಾಯಿತು, ಚೌಕಟ್ಟು ಹಾಕಿಸಿ ನನಗೆ ತೋರಿಸಬೇಕಾಯಿತು.

ನಾಚಿಕೆ ಎಂದರೆ ಅಲ್ಲಿಯವರೆಗೆ ನಾಲ್ಕು ಜನರ ಮುಂದೆ ಸಿಕ್ಕಿಬೀಳುವುದು ಎಂದುಕೊಂಡಿದ್ದೆ. ಅದಾಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಇದು ಬೇರೆ. ಮಗಳ ಮುಖ ನೋಡಲು ನನಗೆ ಮುಖವಿರಲಿಲ್ಲ.

“ಅದು ನಾನ್ರಿ,” ಎಂದೆ. “ಆ ಕೂಗಾಡ್ತಿರೋಳು ನಾನೇ. ಬಾಗ್ಲಾಗಿರೋದು ಇವಳು.”

ಮೆಲ್ಲಗೆ ಹೇಳಬೇಕೆಂದೇ ಇದ್ದೆ. ಬಂದದ್ದು ನನ್ನ ಮಾಮೂಲಿ ದನಿ. ಇಡೀ ಹಾಲಿಗೆ ಕೇಳಿಸಿತು. ಕಾ‌ವಲಿನ ಹೆಂಗಸು ಕುರ್ಚಿಯಿಂದ ಎದ್ದು ನಿಂತಳು. ಆ ಗೋಡೆಯ ಹತ್ತಿರ ಚಿತ್ರ ನೋಡುತ್ತಿದ್ದ ಕಾಲೇಜಿನ ಹುಡುಗಿಯರು ತಿರುಗಿ ಮೊದಲು ನನ್ನನ್ನು, ಆಮೇಲೆ ಚಿತ್ರವನ್ನು, ಮತ್ತೆ ನನ್ನನ್ನು ನೋಡಿದರು. ಹುಡುಗನ ಮುಖ ಕೆಂಪಾಯಿತು, ತಾನು ಆಡಿದ ಮಾತಿಗೆ ಅವನೇ ನಾಚಿ ಅಂಗಿಯ ತೋಳು ಸರಿಮಾಡಿಕೊಳ್ಳತೊಡಗಿದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಂಬಂಧ ಮುರಿಯಿತು, ಅದೂ ನನ್ನ ಬಾಯಿಂದಲೇ ಮುರಿಯಿತು ಎಂದು ಲೆಕ್ಕ ಹಾಕಿಕೊಂಡು, ಊರಿನ ಬಸ್ಸಿನ ಸಮಯ ಯೋಚಿಸತೊಡಗಿದೆ.

ಹುಡುಗನ ತಾಯಿ ಚಿತ್ರವನ್ನು ಇನ್ನೊಂದು ಸಲ ನೋಡಿದರು. ಆಮೇಲೆ ನನ್ನ ಹತ್ತಿರ ಬಂದರು, ಇನ್ನೂ ಹತ್ತಿರ ಬಂದರು, ಅವರ ಬಾಯಿ ನನ್ನ ಕಿವಿಯ ಪಕ್ಕದಲ್ಲಿತ್ತು. ಇಷ್ಟು ಹತ್ತಿರ ಬಂದು ಬೈಯುತ್ತಾರೇನೋ ಎಂದು ನಾನು ಮೈ ಬಿಗಿಹಿಡಿದುಕೊಂಡೆ.

“ಇಷ್ಟು ಹತ್ರ ಬಂದೆ ಅಂತ ತಪ್ಪು ತಿಳ್ಕಬ್ಯಾಡ್ರಿ,” ಎಂದರು. “ಮಗ್ಗದ ಮನೇಲಿ ದಿನವೆಲ್ಲಾ ಸದ್ದು. ಎಷ್ಟು ಕೂಗಿದ್ರೂ ಒಬ್ರ ಮಾತು ಒಬ್ರಿಗೆ ಕೇಳ್ಸಲ್ಲ. ಅದಕ್ಕೆ ನಾವು ಎದ್ದು ಹೋಗಿ ಕಿವಿ ಹತ್ರನೇ ಹೇಳಿ ಬರ್ತೀವಿ. ಹೊರಗೆ ಬಂದ್ರೂ ಅದೇ ರೂಢಿ.” ನನ್ನ ಮಗಳ ಕಡೆ ಒಮ್ಮೆ ನೋಡಿ ಮುಂದುವರಿಸಿದರು. “ಹುಡುಗಿ ನಮಗೆ ಹಿಡ್ಸವಳೆ. ನಿಮಗೂ ಮನಸಿದ್ರೆ ಹೇಳಿ ಕಳ್ಸ್ರಿ. ಮನೆಗೆ ಬಂದು ಶಾಸ್ತ್ರ ಮುಗುಸ್ತೀವಿ.”

ಇಷ್ಟನ್ನೂ ಅವರು ಹೇಳಿದ್ದು ಪಕ್ಕದಲ್ಲಿದ್ದ ನನ್ನ ಗಂಡನಿಗೂ ಕೇಳಿಸಲಿಲ್ಲ. ಅವರು ನನಗೆ ಬುದ್ಧಿ ಹೇಳಿದರೋ, ತಮ್ಮ ರೂಢಿಯನ್ನಷ್ಟೇ ಹೇಳಿದರೋ, ಈಗಲೂ ನನಗೆ ಗೊತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈದವರಿಗೆ ಏನು ಹೇಳಬೇಕೆಂದು ನನಗೆ ಬಾಯಿಪಾಠವಾಗಿದೆ. ಹೀಗೆ ಕಿವಿಯ ಹತ್ತಿರ ಬಂದು ಮಾತಾಡಿದವರಿಗೆ ಏನು ಹೇಳುವುದೆಂದು ತಿಳಿಯದೆ ತಲೆ ಆಡಿಸಿದೆ. ಅವರು ಮಗಳ ಹತ್ತಿರ ಹೋಗಿ, ಅವಳ ಕಿವಿಯಲ್ಲೂ ಏನೋ ಹೇಳಿದರು. ಮಗಳು ತಲೆ ತಗ್ಗಿಸಿದಳು. ಏನು ಹೇಳಿದರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವರನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಿ ನಾವು ಚಳ್ಳಕೆರೆಯ ಬಸ್ಸು ಹತ್ತಿದೆವು. ನನ್ನ ಗಂಡನಿಗೆ ಮುಂದೆ ಡ್ರೈವರನ ಹಿಂದೆ ಸೀಟು ಸಿಕ್ಕಿತು. ನಾನು, ಮಗಳು ಹಿಂದೆ ಕೂತೆವು, ಅವಳು ಕಿಟಕಿಯ ಪಕ್ಕ. ಪಕ್ಕದ ಸಾಲಿನಲ್ಲಿ ಯಾರೋ ಈರುಳ್ಳಿ ಮೂಟೆಯನ್ನು ನನ್ನ ಕಾಲಿಗೆ ತಾಗಿಸಿ ಇಟ್ಟರು. ಬೇರೆ ದಿನವಾಗಿದ್ದರೆ ಬಸ್ಸು ಊರು ದಾಟುವುದರೊಳಗೆ ಆ ಮೂಟೆ ಡ್ರೈವರನ ತಲೆಯ ಮೇಲಿರುತ್ತಿತ್ತು. ಕಾಲನ್ನು ಒಳಗೆ ಎಳೆದುಕೊಂಡೆ.

ಹೊರಗೆ ಶೇಂಗಾ ಕಿತ್ತ ಹೊಲಗಳು ಹಿಂದೆ ಹೋಗುತ್ತಿದ್ದವು. ಸಂಬಂಧ ಕೂಡಿ ಬಂದಿತ್ತು. ನಾನು ಬಯಸಿದ್ದು ಅದನ್ನೇ. ಮನಸ್ಸಿನಲ್ಲಿ ಹರಸಿಕೊಂಡಿದ್ದ ದೇವರಿಗೆಲ್ಲ ಕೈ ಮುಗಿಯಬೇಕಾದ ಹೊತ್ತು. ನಾನು ಮಾತ್ರ ಮಗಳ ಕಡೆ ಹೇಗೆ ತಿರುಗುವುದು ಎಂದು ಯೋಚಿಸುತ್ತಿದ್ದೆ. ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಯಾವುದಕ್ಕೆ ಎಂದು ಹೇಳಬೇಕೋ ತಿಳಿಯಲಿಲ್ಲ, ಎಲ್ಲಿಂದ ಶುರು ಮಾಡಿದರೂ ಅದು ಅವಳ ಬಾಲ್ಯದವರೆಗೆ ಹೋಗುತ್ತಿತ್ತು. ಕೊನೆಗೆ ಹೇಡಿಯ ಹಾಗೆ, ಯಾವ ತಾಯಿ ಬೇಕಾದರೂ ಕೇಳಬಹುದಾದ ಪ್ರಶ್ನೆಯನ್ನೇ ಕೇಳಿದೆ. ಆದಷ್ಟು ಮೆಲ್ಲಗೆ ಕೇಳಿದೆ. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಕೇಳಿದೆ.

“ಹುಡುಗ ಹಿಡಿಸಿದ್ನಾ?”

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

“ಹುಡುಗನ್ನ ನಾನಿನ್ನೂ ಸರಿಯಾಗಿ ನೋಡೇ ಇಲ್ಲ ಅವ್ವ,” ಎಂದಳು. “ಆದ್ರೆ ಹ್ಞೂಂ ಅಂತ ಹೇಳು. ಆ ಯಮ್ಮ ಮೆಲ್ಲಗೆ ಮಾತಾಡ್ತಾರೆ.”

ಇದನ್ನು ಹೇಳುವಾಗ ಅವಳು ನಗುತ್ತಿರಲಿಲ್ಲ.